ಕಾಗದಗಳ ತವರುಮನೆ

"ಸತ್ತವನು ಸತ್ತವನೇ ಅಲ್ಲವೆ? ಓಹಾಯೋದಲ್ಲಿ ಒಂದು ಕಲ್ಲಿಗೂ ಇನ್ನೊಂದು ಕಲ್ಲಿಗೂ ಏನು ವ್ಯತ್ಯಾಸ?"

ಹೀಗೆಂದವನು ನನ್ನ ಬಾಸ್. ಅನ್ನುವಾಗ ಸೇಬು ತಿನ್ನುತ್ತಿದ್ದ. ಇಪ್ಪತ್ತು ವರ್ಷದ ಮೇಲಾಯಿತು, ಆ ಸೇಬು ಕಚ್ಚಿದ ಸದ್ದು ನೆನಪಾದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ವಯಸ್ಸಾದ ಮೇಲೆ ಎಲ್ಲವನ್ನೂ ಕ್ಷಮಿಸಬೇಕು ಎನ್ನುತ್ತಾರೆ. ಐ ಹ್ಯಾವ್ ಟ್ರೈಡ್. ಆಗಲಿಲ್ಲ.

ಮ್ಯಾನ್‌ಹೈಮ್‌ನಲ್ಲಿ ಒಂದು ಬೇಕರಿಯ ಮೇಲಿನ ಎರಡು ಕೋಣೆಗಳೇ ನಮ್ಮ ಆಫೀಸು. ಬೆಳಿಗ್ಗೆ ಬ್ರೆಡ್ಡಿನ ವಾಸನೆ, ಮಧ್ಯಾಹ್ನಕ್ಕೆ ಟೋನರ್ ವಾಸನೆ. ರೈನ್ ನದಿಯ ಆಚೆ ದಡದ ಫಾಲ್ಟ್ಸ್ ಸೀಮೆಯಿಂದ ತಲೆಮಾರುಗಟ್ಟಲೆ ಜನ ಅಮೆರಿಕಕ್ಕೆ ಹೋಗಿ ನೆಲೆಸಿದ್ದಾರೆ. ಅವರ ಮರಿಮಕ್ಕಳು ಅಲ್ಲಿಂದ ಊರು ಹುಡುಕಿಕೊಂಡು ಬರುತ್ತಾರೆ. ಇಲ್ಲಿ ಉಳಿದವರು ಹೋದವರ ಗುರುತು ಕೇಳುತ್ತಾರೆ. ಇಬ್ಬರಿಗೂ ವಂಶದ ವಿವರ ಹುಡುಕಿಕೊಡುವುದು ನಮ್ಮ ಕಂಪನಿಯ ಕೆಲಸ. ನನ್ನ ಪತಿ ಇಲ್ಲಿನ ಯಂತ್ರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ನಾನು ಈ ಕೆಲಸಕ್ಕೆ ಸೇರಿದೆ. ಧಾರವಾಡದ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷ್ ಕೈಯಲ್ಲಿತ್ತು. ಜರ್ಮನ್ ಅಂಗಡಿ, ಆಸ್ಪತ್ರೆ, ಆಮ್ಟ್ ಎನ್ನುವ ಸರ್ಕಾರಿ ಕಚೇರಿಗಳ ಸಾಲಿನಲ್ಲಿ ನಿಂತು ಬಂದದ್ದು. ಕರಾರುಪತ್ರದಲ್ಲಿ ನನ್ನ ಹುದ್ದೆಯ ಹೆಸರು ಶ್ರೈಬ್‌ಕ್ರಾಫ್ಟ್, ಅಂದರೆ ಟೈಪಿಸ್ಟ್. ಮಾಡಿಸಿಕೊಂಡದ್ದು ಮಾತ್ರ ಬೇರೆ: ಓಹಾಯೋ ರಾಜ್ಯದ ಇತಿಹಾಸ, ಇಂಗ್ಲಿಷಿನಲ್ಲಿ, ವಂಶ ಹುಡುಕುವವರಿಗಾಗಿ. ಪುಸ್ತಕವೂ ಬರಬೇಕು, ಅದರ ಜೊತೆ ಒಂದು ಸಿ.ಡಿ.ಯೂ ಬರಬೇಕು.

ಇಂಥ ಇತಿಹಾಸದಲ್ಲಿ ಗವರ್ನರುಗಳಿಗೆ, ಯುದ್ಧಗಳಿಗೆ ಜಾಗ ಕಡಿಮೆ. ಮುತ್ತಜ್ಜನನ್ನು ಹುಡುಕುವವನಿಗೆ ಬೇಕಾದದ್ದು ಇಷ್ಟೆ: ಯಾವ ಕೌಂಟಿ (ನಮ್ಮ ಜಿಲ್ಲೆಯಂಥದು) ಯಾವಾಗ ಹುಟ್ಟಿತು, ಯಾವ ಕೌಂಟಿಯ ಹೊಟ್ಟೆಯಿಂದ ಹುಟ್ಟಿತು, ಅದರ ಕೋರ್ಟ್‌ಹೌಸಿನಲ್ಲಿ ಯಾವ ದಾಖಲೆ ಯಾವ ವರ್ಷದಿಂದ ಇದೆ. ಓಹಾಯೋದಲ್ಲಿ ಸಾವಿನ ನೋಂದಣಿ ಕೌಂಟಿ ಕೋರ್ಟಿನಲ್ಲಿ ಶುರುವಾದದ್ದು ೧೮೬೭ರಲ್ಲಿ. ಅದಕ್ಕೂ ಮೊದಲು ಸತ್ತವನನ್ನು ಚರ್ಚಿನ ಪುಸ್ತಕದಲ್ಲಿ ಹುಡುಕಬೇಕು. ಜನಗಣತಿಯಲ್ಲಿ ಮನೆಮಂದಿಯೆಲ್ಲರ ಹೆಸರು ಬರುವುದು ೧೮೫೦ರಿಂದ; ಅದಕ್ಕೂ ಹಿಂದಿನದರಲ್ಲಿ ಯಜಮಾನನ ಹೆಸರು ಮಾತ್ರ, ಹೆಂಡತಿ ಮಕ್ಕಳು ಬರೀ ಗೆರೆ, ಬರೀ ಸಂಖ್ಯೆ. ಹೆಂಗಸರು ಗೆರೆಗಳಾಗಿ ಎಷ್ಟು ವರ್ಷ ಕಳೆದರು ಎಂದು ನಾನೊಂದು ವಾಕ್ಯ ಬರೆದಿದ್ದೆ. ಬಾಸ್ ಅದನ್ನು ಹೊಡೆದು ಹಾಕಿದ.

ಮೂರು ತಿಂಗಳು ಕೂತು ಎಂಬತ್ತೆಂಟು ಕೌಂಟಿಗಳಿಗೂ ಒಂದು ಕೋಷ್ಟಕ ಮಾಡಿದೆ. ಪ್ರತಿ ಕೌಂಟಿಯ ಎದುರು ಅದರ ತಾಯಿ ಕೌಂಟಿ, ಹುಟ್ಟಿದ ವರ್ಷ, ಬೇರೆಯಾಗುವ ಮುಂಚಿನ ಕಾಗದ ಎಲ್ಲಿ ಹುಡುಕಬೇಕು ಎಂಬ ವಿವರ. ಕೊನೆಯದಾಗಿ ಹುಟ್ಟಿದ್ದು ನೋಬಲ್ ಕೌಂಟಿ, ೧೮೫೧ರಲ್ಲಿ. ಮನ್ರೋ ಮತ್ತು ಇನ್ನೂ ಮೂರು ಕೌಂಟಿಗಳಿಂದ ಒಂದೊಂದು ತುಂಡು ಕತ್ತರಿಸಿ ಹೊಲಿದದ್ದು. ಈ ಕೋಷ್ಟಕದ ಬುದ್ಧಿ ನನ್ನದಲ್ಲ, ಅಪ್ಪನದು. ಅಪ್ಪ ಧಾರವಾಡದ ಕಚೇರಿಯಲ್ಲಿ ರೆಕಾರ್ಡ್ ಕೀಪರ್. ಹೊಸ ತಾಲೂಕು ಆದಾಗಲೆಲ್ಲ ಜನ ಹೊಸ ಕಚೇರಿಗೆ ಹೋಗಿ ಅಜ್ಜನ ಕಾಲದ ಹೊಲದ ಉತಾರ ಕೇಳುತ್ತಿದ್ದರು, ಇಲ್ಲ ಅನ್ನಿಸಿಕೊಂಡು ಅಳುತ್ತ ಬರುತ್ತಿದ್ದರು. ಅಪ್ಪ ಕೆಂಪು ಬಟ್ಟೆಯ ದಫ್ತರ ಬಿಚ್ಚುತ್ತ ಅನ್ನುತ್ತಿದ್ದರು: "ಊರು ಹೊಸಾ ತಾಲೂಕಕ್ಕ ಹೋಗ್ತದವ್ವಾ, ಹಳೇ ಕಾಗದ ತವರುಮನ್ಯಾಗ ಉಳೀತದ."

ಸಿ.ಡಿ.ಗೆ ಡೇಟಾಬೇಸ್ ಬರೆಯಲು ಬಾಸ್ ಒಬ್ಬ ಹುಡುಗಿಯನ್ನು ತಂದಿದ್ದ. ಮೈಸೂರಿನವಳು, ಗ್ರೀನ್ ಕಾರ್ಡ್ ಮೇಲೆ ಬಂದವಳು. ಆ ವರ್ಷಗಳಲ್ಲಿ ಜರ್ಮನ್ ಸರ್ಕಾರ ಸಾಫ್ಟ್‌ವೇರಿನವರಿಗೆಂದು ಕೊಡುತ್ತಿದ್ದ ಪರವಾನಗಿ ಅದು. ಹೆಸರು ಮಾತ್ರ ಅಮೆರಿಕದ್ದು. ಇಲ್ಲಿ ಐದು ವರ್ಷಕ್ಕಿಂತ ಹೆಚ್ಚಿಲ್ಲ, ನಡುವೆ ಕೆಲಸ ಹೋದರೆ ವಿದೇಶಿಯರ ಕಚೇರಿಯಾದ ಆಸ್‌ಲ್ಯಾಂಡರ್ ಆಮ್ಟ್‌ನವರ ಮುಂದೆ ಕೈಕಟ್ಟಿ ನಿಲ್ಲಬೇಕು. ಮೊದಲ ದಿನವೇ ಆಕೆ ನನ್ನನ್ನು ಆಂಟಿ ಎಂದಳು. ಅಕ್ಕಾ ಅನ್ನು ಎಂದರೆ, "ನಮ್ಮಮ್ಮನಿಗಿಂತ ದೊಡ್ಡೋರು ನೀವು, ಅಕ್ಕ ಅಂದ್ರೆ ದೇವರು ಮೆಚ್ತಾನಾ?" ಎಂದು ನಕ್ಕಳು. ಆಂಟಿಯೇ ಉಳಿಯಿತು.

ಆಕೆಯ ಡೇಟಾಬೇಸಿನಲ್ಲಿ ಒಂದು ಊರಿಗೆ ಒಂದೇ ಕೌಂಟಿ, ಇವತ್ತಿನ ಕೌಂಟಿ. ಊರಿಗೆ ಇಂತಿಂಥ ವರ್ಷದಿಂದ ಇಂತಿಂಥ ವರ್ಷದವರೆಗೆ ಈ ಕೌಂಟಿ, ಆಮೇಲೆ ಆ ಕೌಂಟಿ ಎಂದು ಎರಡು ತಾರೀಖು ಸೇರಿಸು ಎಂದೆ. ಆಗುತ್ತದೆ, ಎರಡು ವಾರ ಬೇಕು ಎಂದಳು. ಬಾಸ್‌ನನ್ನು ಕೇಳಿದೆವು. ಅಮೆರಿಕನ್ನರಿಗೆ ಒಂದು ಕ್ಲಿಕ್ಕು ಸಾಕು, ಎರಡನೆಯ ಕ್ಲಿಕ್ಕಿಗೆ ಅವರು ಓಡಿಹೋಗುತ್ತಾರೆ ಎಂದ. ನನ್ನ ಕೋಷ್ಟಕ ನಾಲ್ಕು ಪುಟ ತಿನ್ನುತ್ತದೆ, ಅದರ ಬದಲು ಬಣ್ಣದ ನಕಾಶೆ ಹಾಕೋಣ ಎಂದ. ಇವತ್ತಿನ ಗಡಿಗಳ ನಕಾಶೆ. ನಾನು ವಾದಿಸಿದೆ. ಅಂದಿನಿಂದ ಆತ ನನ್ನನ್ನು ಫ್ರಾವ್ ಪ್ರೊಫೆಸರ್, ಅಂದರೆ ಪ್ರೊಫೆಸರಮ್ಮ, ಎಂದು ಕರೆಯತೊಡಗಿದ. ಗೌರವದಿಂದಲ್ಲ.

ಅಷ್ಟರಲ್ಲಿ ಆ ಮುದುಕಿ ಬಂದಳು.

ಆಚೆ ದಡದ ಒಂದು ದ್ರಾಕ್ಷಿ ತೋಟದ ಊರಿನವಳು, ಎಂಬತ್ತರ ಹತ್ತಿರ. ಆಕೆಯ ಮುತ್ತಜ್ಜನಿಗೆ ಒಬ್ಬ ಅಣ್ಣ. ಇದ್ದ ತೋಟವನ್ನು ಇಬ್ಬರಿಗೆ ಪಾಲು ಮಾಡಿದರೆ ಇಬ್ಬರೂ ಉಪವಾಸ ಬೀಳುತ್ತಾರೆಂದು ಆತ ತನ್ನ ಪಾಲನ್ನು ತಮ್ಮನಿಗೆ ಬರೆದುಕೊಟ್ಟು ಓಹಾಯೋಗೆ ಹೋದ. ಬಿಟ್ಟುಕೊಟ್ಟ ಆ ಪಾಲಿನ ಮೇಲೆ ಮನೆತನ ನಾಲ್ಕು ತಲೆ ಬದುಕಿತು. ಅವನಿಗೊಂದು ಕಲ್ಲು ಇಡಬೇಕು ಎಂದು ಆಕೆಯ ತಾಯಿ ಸಾಯುವಾಗ ಮಾತು ತೆಗೆದುಕೊಂಡಿದ್ದಳು. ಊರಿನ ಕಲ್ಲುಕುಟಿಗನಿಂದ ತಟ್ಟೆಯಷ್ಟಗಲದ ಕೆಂಪು ಮರಳುಗಲ್ಲು ಕೆತ್ತಿಸಿ ಇಟ್ಟುಕೊಂಡಿದ್ದಳು. ಹೆಸರು, ಊರು, ಕೆಳಗೆ ಮನ್ರೋ ಕೌಂಟಿ, ಓಹಾಯೋ. ನಮ್ಮ ಕಂಪನಿ ಆಕೆಗೆ ಆಗಲೇ ವರದಿ ಕೊಟ್ಟಾಗಿತ್ತು: ಅಣ್ಣನ ಸಮಾಧಿ ಮನ್ರೋ ಕೌಂಟಿಯ ಇಂಥ ಚರ್ಚಿನ ಅಂಗಳದಲ್ಲಿದೆ, ಸತ್ತದ್ದು ೧೮೭೦ರ ದಶಕ. ವಿಮಾನದ ಟಿಕೆಟ್ ಆಗಿತ್ತು. ಹದಿನೆಂಟು ದಿನ ಉಳಿದಿತ್ತು. ಅಲ್ಲಿನ ಪಾದ್ರಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದುಕೊಡಬೇಕು, ಅಷ್ಟಕ್ಕೇ ಆಕೆ ಬಂದದ್ದು.

ಆಕೆಯ ಫಾಲ್ಟ್ಸ್ ಜರ್ಮನ್ ನನ್ನ ಕಿವಿಗೆ ಯಾವತ್ತೂ ನಮ್ಮ ಧಾರವಾಡದ ಮಾತಿನಂತೆಯೇ ಕೇಳಿಸಿತು. ಹಾಗೆಯೇ ಬರೆಯುತ್ತೇನೆ.

"ಅವಾ ಬರದ ಪತ್ರ ತಂದೇನಿ, ಓದ್ರಿ. ಎಂಥಾ ಮನಷ್ಯಾ ಅಂತ ತಿಳದು ಬರೀರಿ," ಎಂದು ಪತ್ರಗಳಿದ್ದ ಬಿಸ್ಕತ್ತಿನ ಡಬ್ಬಿಯನ್ನು ನನ್ನ ಹತ್ತಿರ ಬಿಟ್ಟುಹೋದಳು. ಪತ್ರಗಳ ಜೊತೆ ಊರಿನ ಶಾಲೆಯ ಮಾಸ್ತರರು ಬಿಡಿಸಿ ಬರೆದುಕೊಟ್ಟ ಪ್ರತಿಯೂ ಇತ್ತು.

ಅಂದು ಮಧ್ಯಾಹ್ನ ಓದಿದೆ. ೧೮೪೯ರ ಪತ್ರದ ತಲೆಯ ಮೇಲೆ ಮನ್ರೋ ಕೌಂಟಿ. ತೆರಿಗೆ ಕಟ್ಟಲು ಕೋರ್ಟ್‌ಹೌಸಿಗೆ ಕುದುರೆಯ ಮೇಲೆ ಒಂದೂವರೆ ದಿನ ಎಂದು ಗೊಣಗಿದ್ದ. ಆರು ವರ್ಷದ ನಂತರದ ಪತ್ರದಲ್ಲಿ ಕೌಂಟಿಯ ಹೆಸರಿಲ್ಲ. ಮನೆ ಅದೇ, ಅಂಗಳದಲ್ಲಿ ನೆಟ್ಟ ಸೇಬಿನ ಗಿಡ ಈಗ ಸೂರು ಮುಟ್ಟಿದೆ, ಆದರೆ ಕೋರ್ಟ್‌ಹೌಸಿಗೆ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಟ್ಟುತ್ತೇನೆ ಎಂದು ಖುಷಿಪಟ್ಟಿದ್ದ.

ನಾನು ಪತ್ರ ಕೆಳಗಿಟ್ಟೆ. ಮನೆ ಅದೇ, ಗಿಡ ಅದೇ. ಕೋರ್ಟ್‌ಹೌಸ್ ಮಾತ್ರ ಹತ್ತಿರ ಬಂದಿದೆ. ಕುದುರೆ ಬದಲಾದರೆ ದಾರಿ ಅಷ್ಟು ಗಿಡ್ಡವಾಗುವುದಿಲ್ಲ, ಕೌಂಟಿ ಬದಲಾಗಿದೆ. ಅವನ ತೋಟ ನೋಬಲ್ ಕೌಂಟಿಗೆ ಸೇರಿಹೋಗಿದೆ. ನಮ್ಮವರು ಹಳೆಯ ಪತ್ರದ ಮನ್ರೋ ಓದಿ, ಇವತ್ತಿನ ಮನ್ರೋದಲ್ಲಿ ಹುಡುಕಿ, ಅದೇ ಹೆಸರಿನ ಇನ್ಯಾರನ್ನೋ ಹಿಡಿದು ಈ ಮುದುಕಿಯ ಕೈಗೆ ಕೊಟ್ಟಿದ್ದಾರೆ.

ಇದನ್ನು ಕಂಡುಹಿಡಿಯಲು ಬುದ್ಧಿವಂತಿಕೆ ಬೇಕಿರಲಿಲ್ಲ. ನಾನೇ ಆ ಪಾಡು ಪಟ್ಟವಳು. ನಾನು ಹುಟ್ಟಿದ್ದು ಧಾರವಾಡ ಜಿಲ್ಲೆಯ ಒಂದು ಹಳ್ಳಿಯಲ್ಲಿ. ೧೯೯೭ರಲ್ಲಿ ಗದಗ ಜಿಲ್ಲೆಯಾದಾಗ ಆ ಹಳ್ಳಿ ಅತ್ತ ಹೋಯಿತು. ಪತಿಯ ಪೆನ್ಶನ್ನಿಗಾಗಿ ಜನ್ಮದಾಖಲೆ ತರಿಸಿದರೆ ಅದರಲ್ಲಿ ಗದಗ, ಪಾಸ್‌ಪೋರ್ಟಿನಲ್ಲಿ ಧಾರವಾಡ. ಆಮ್ಟ್‌ನ ಹೆಂಗಸು ಎರಡೂ ಕಾಗದ ಪಕ್ಕಪಕ್ಕ ಇಟ್ಟು, ಎರಡು ಕಡೆ ಹುಟ್ಟಿದ್ದೀರಾ ಎಂದು ಕೇಳಿದ್ದಳು. ಎಂಟು ತಿಂಗಳು ಅಲೆದಾಡಿದ್ದೆ. ಸೋ, ಐ ನ್ಯೂ.

ಬಾಸ್‌ಗೆ ಹೇಳಿದೆ, ಎರಡು ಪತ್ರಗಳನ್ನೂ ಪಕ್ಕದಲ್ಲಿಟ್ಟು. ಆತ ಪತ್ರ ನೋಡಲಿಲ್ಲ. ವರದಿಗೆ ಸೀಲು ಬಿದ್ದಾಗಿದೆ, ಪುಸ್ತಕ ಬರುವ ಮುಂಚೆ ಇಂಥ ಸುದ್ದಿ ಹೊರಗೆ ಹೋದರೆ ಕಂಪನಿಯ ಹೆಸರು ಏನಾಗಬೇಕು ಎಂದ. ಆಗ ಸೇಬು ಕಚ್ಚುತ್ತ ಹೇಳಿದ್ದೇ ಆ ಕಲ್ಲಿನ ಮಾತು. ಅದರ ಬೆನ್ನಿಗೇ ಇದು:

"ಆಕೆ ಹೋಗುತ್ತಾಳೆ, ಕಲ್ಲಿಡುತ್ತಾಳೆ, ಅಳುತ್ತಾಳೆ, ಸುಖವಾಗಿ ಬರುತ್ತಾಳೆ. ನೀವು ಯಾಕೆ ಒಬ್ಬ ಮುದುಕಿಯ ಸುಖ ಕಿತ್ತುಕೊಳ್ಳುತ್ತೀರಿ, ಫ್ರಾವ್ ಪ್ರೊಫೆಸರ್?"

ಸಿಟ್ಟು ಬಂದಾಗ ಹತ್ತರವರೆಗೆ ಎಣಿಸು ಎಂದು ಸಿಸ್ಟರ್ ಕಲಿಸಿದ್ದರು. ಎಣಿಸಿದೆ. ಅದರಿಂದ ಸಿಟ್ಟು ಕಡಿಮೆಯಾಗಲಿಲ್ಲ, ಕ್ರಮವಾಗಿ ಜೋಡಣೆಯಾಯಿತು.

ಸಾಕ್ಷಿ ಇಲ್ಲದೆ ಮುದುಕಿಯ ಹತ್ತಿರ ಹೋಗುವಂತಿರಲಿಲ್ಲ. ನನ್ನ ಊಹೆಯೂ ತಪ್ಪಿದ್ದರೆ? ಅಂದೇ ನೋಬಲ್ ಕೌಂಟಿಯ ಕೋರ್ಟಿಗೆ ಫ್ಯಾಕ್ಸ್ ಬರೆದೆ. ನಾಲ್ಕು ದಿನಕ್ಕೆ ಉತ್ತರ: ಸಾವಿನ ನೋಂದಣಿಯಲ್ಲಿ ಆ ಹೆಸರಿಲ್ಲ. ಸ್ವಲ್ಪ ಹೊತ್ತಿನ ನಂತರ ನನ್ನ ತಲೆಗೆ ನಾನೇ ಬಡಿದುಕೊಂಡೆ. ನಾನೇ ಬರೆದ ಅಧ್ಯಾಯ. ೧೮೬೭ಕ್ಕೆ ಮೊದಲು ಸತ್ತಿದ್ದರೆ ಕೋರ್ಟಿನಲ್ಲಿ ಹೇಗೆ ಸಿಗುತ್ತಾನೆ? ಹಾಗಾಗಿ ಎರಡನೆಯ ಫ್ಯಾಕ್ಸು, ಈ ಸಲ ಅಲ್ಲಿನ ಇತಿಹಾಸ ಸಂಘಕ್ಕೆ. ಆ ಮೂಲೆಯ ಜರ್ಮನ್ ಚರ್ಚುಗಳ ಹಳೆಯ ಪುಸ್ತಕ ಯಾರ ಹತ್ತಿರ ಇವೆ, ದಯವಿಟ್ಟು ೧೮೫೫ರಿಂದ ೧೮೬೭ರವರೆಗೆ ನೋಡಿ ಎಂದು. ಹೆಂಡತಿಯ ಹೆಸರು, ಹುಟ್ಟಿದ ಊರು ಎರಡನ್ನೂ ಬರೆದೆ; ಹೆಸರೊಂದನ್ನೇ ನಂಬಿದ್ದಕ್ಕೇ ನಮ್ಮವರು ಮೋಸಹೋದದ್ದು.

ಇಲ್ಲಿ ನಾನೊಂದು ದಡ್ಡತನ ಮಾಡಿದೆ. ಮನೆಯಲ್ಲಿ ಫ್ಯಾಕ್ಸ್ ಇರಲಿಲ್ಲ. ಉತ್ತರಕ್ಕೆ ಆಫೀಸಿನ ನಂಬರು ಕೊಟ್ಟಿದ್ದೆ.

ಎಂಟು ದಿನ ಉತ್ತರವಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ನಾನು ಮೆಟ್ಟಿಲು ಹತ್ತುವಾಗ ಬಾಸ್ ಮೇಲೆ ನಿಂತಿದ್ದ, ಕೈಯಲ್ಲಿ ಕಾಗದ. ನನ್ನ ಹೆಸರಿಗೆ ಬಂದ ಫ್ಯಾಕ್ಸ್, ಓದಿಯಾಗಿತ್ತು. ಕೊಡಿ ಎಂದೆ. ಕಂಪನಿಯ ಯಂತ್ರಕ್ಕೆ ಬಂದದ್ದು ಕಂಪನಿಯದು ಎಂದು ತನ್ನ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ. ಆಕೆ ಅಮೆರಿಕದಿಂದ ಬಂದ ಮೇಲೆ ನೋಡೋಣ, ಬೇಕಾದರೆ ಎರಡನೆಯ ಸಂಶೋಧನೆ ಮಾಡಿಕೊಡೋಣ, ಇನ್ನೊಮ್ಮೆ ಹೋಗಿಬರಲಿ ಎಂದ. ಎಂಬತ್ತರ ಮುದುಕಿ, ಇನ್ನೊಮ್ಮೆ! ನನ್ನ ಗುತ್ತಿಗೆಯಲ್ಲಿರುವ ಗೌಪ್ಯತೆಯ ಕಲಮನ್ನೂ ನೆನಪಿಸಿದ. ಆಕೆಯ ವಿಮಾನಕ್ಕೆ ಐದು ದಿನವಿತ್ತು.

ಹುಡುಗಿ ತನ್ನ ಪರದೆಯಿಂದ ತಲೆ ಎತ್ತಲಿಲ್ಲ. ಊಟದ ಹೊತ್ತಿಗೆ ಆಕೆಯನ್ನು ಕೆಳಗೆ ಬೇಕರಿಗೆ ಕರೆದೊಯ್ದೆ.

"ಆ ಕಾಗದದಾಗ ಏನಿತ್ತು, ನೋಡಿದಿ ಏನು?"

"ಆಂಟಿ, ಪ್ಲೀಸ್. ನನ್ನನ್ನ ಇದಕ್ಕೆ ಎಳೀಬೇಡಿ. ಬಾಸ್ ಒಂದು ಕಾಗದಕ್ಕೆ ಸೈನ್ ಹಾಕಲ್ಲ ಅಂದ್ರೆ ಮುಂದಿನ ತಿಂಗಳು ನಾನು ಮೈಸೂರಲ್ಲಿ. ನಿಮಗೆ ಇಲ್ಲಿ ಪರ್ಮನೆಂಟ್ ಇದೆ, ನಿಮಗೇನು?"

ಸಿಟ್ಟಿನಲ್ಲಿ ಹೊಲಸು ಮಾತೊಂದು ಆಡಿದೆ. ನಿಮ್ಮ ಪೀಳಿಗೆಗೆ ವೀಸಾ ಒಂದೇ ಕುಲದೇವರು ಎಂದೆ. ಆಕೆ ಕಾಫಿ ಬಿಟ್ಟು ಎದ್ದುಹೋದಳು. ಅದೊಂದು ಮಾತಿಗೆ ನನಗೆ ಇಂದಿಗೂ ನಾಚಿಕೆ ಇದೆ. ಬಾಸ್‌ನ ಮೇಲಿನ ಸಿಟ್ಟನ್ನು ಎದುರು ಸಿಕ್ಕ ಬಡಪಾಯಿಯ ಮೇಲೆ ತೀರಿಸಿದೆ.

ಸಂಜೆ ಮನೆಗೆ ಹೊರಡಲು ಡಿಕ್ಷನರಿ ಮುಚ್ಚಿದರೆ ಒಳಗೆ ಮಡಚಿದ ಒಂದು ಹಾಳೆ. ನಮ್ಮ ಆ ಹಳೆಯ ಫ್ಯಾಕ್ಸ್ ಯಂತ್ರ ಕೊನೆಗೆ ಬಂದ ಪುಟಗಳನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತಿತ್ತು. ಎರಡು ಗುಂಡಿ ಒತ್ತಿದರೆ ಮತ್ತೊಮ್ಮೆ ಮುದ್ರಿಸುತ್ತಿತ್ತು. ಅದು ಗೊತ್ತಿದ್ದದ್ದು ಆಫೀಸಿನಲ್ಲಿ ಆ ಹುಡುಗಿಯೊಬ್ಬಳಿಗೇ. ನಾನು ಆಕೆಯ ಕಡೆ ನೋಡಿದೆ. ಆಕೆ ಕೋಟು ಹಾಕಿಕೊಳ್ಳುತ್ತ, ನಾಳೆ ಚಳಿ ಜಾಸ್ತಿಯಂತೆ ಆಂಟಿ ಎಂದಷ್ಟೇ ಹೇಳಿ ಹೊರಟಳು.

ಹಾಳೆಯಲ್ಲಿ ಚರ್ಚಿನ ಪುಸ್ತಕದ ಒಂದು ಪುಟದ ನಕಲು. ೧೮೬೩. ಅವನ ಹೆಸರು, ಹೆಂಡತಿಯ ಹೆಸರು, ಫಾಲ್ಟ್ಸ್‌ನ ಆ ಊರಿನ ಹೆಸರು. ಕೆಳಗೆ ಸಂಘದ ಸ್ವಯಂಸೇವಕಿಯ ಕೈಬರಹ: ಕಲ್ಲು ಓರೆಯಾಗಿದೆ, ಪಾಚಿ ಕಟ್ಟಿದೆ, ಆದರೆ ನಿಂತಿದೆ, ನಿನ್ನೆ ಹೋಗಿ ನೋಡಿ ಬಂದೆ. ಎಂದೂ ಕಾಣದ ಯಾವಳೋ ಒಬ್ಬಳು ನನ್ನ ಒಂದು ಫ್ಯಾಕ್ಸಿಗಾಗಿ ಸ್ಮಶಾನಕ್ಕೆ ಹೋಗಿ ಬಂದಿದ್ದಳು. ಇಲ್ಲಿ ಒಬ್ಬನಿಗೆ ಖಾನೆಯ ಬೀಗ ತೆಗೆಯಲು ಆಗುತ್ತಿರಲಿಲ್ಲ.

ಮರುದಿನ ಕೆಲಸಕ್ಕೆ ಹೋಗಲಿಲ್ಲ. ಟ್ರಾಮ್ ಹತ್ತಿ ನದಿ ದಾಟಿದೆ. ದಾರಿಯುದ್ದಕ್ಕೂ ಬೋಳು ದ್ರಾಕ್ಷಿ ಸಾಲುಗಳು. ಕೈಚೀಲದಲ್ಲಿ ಮುದುಕಿಯ ಪತ್ರಗಳ ಡಬ್ಬಿ, ಆ ಹಾಳೆ, ನನ್ನ ಕೋಷ್ಟಕದ ಪ್ರತಿ, ನನ್ನ ಜನ್ಮದಾಖಲೆ, ಪಾಸ್‌ಪೋರ್ಟ್.

ಮುದುಕಿ ಬಾಗಿಲು ತೆಗೆದಳು. ಹಜಾರದಲ್ಲಿ ಸೂಟ್‌ಕೇಸ್, ಅದರ ಪಕ್ಕ ಕಂಬಳಿಯಲ್ಲಿ ಸುತ್ತಿದ ಕಲ್ಲು. ಅಡುಗೆಮನೆಯಲ್ಲಿ ಕೂರಿಸಿ ಚಹಾ ಕೊಟ್ಟಳು. ನಾನು ಎಲ್ಲವನ್ನೂ ಹೇಳಿದೆ. ಆಕೆ ಮೊದಲು ಸಿಟ್ಟಾದದ್ದು ನನ್ನ ಮೇಲೆಯೇ.

"ವರದಿ ಮ್ಯಾಲೆ ಸೀಲ್ ಅದ. ನಿನ್ನ ಕಾಗದದ ಮ್ಯಾಲೆ ಏನದ? ಯಾರ ಮಾತು ನಂಬಲಿ ನಾ?"

"ನನ್ನ ಮಾತು ನಂಬಬ್ಯಾಡ್ರಿ. ಅವನ ಮಾತು ನಂಬ್ರಿ," ಎಂದೆ. ಎರಡು ಪತ್ರಗಳ ಆ ಸಾಲುಗಳನ್ನು ಗಟ್ಟಿಯಾಗಿ ಓದಿಸಿದೆ. ಮೊದಲು ಒಂದೂವರೆ ದಿನ. ಆಮೇಲೆ ಊಟಕ್ಕೆ ಮುಂಚೆ. ನಡುವೆ ಅದೇ ಸೇಬಿನ ಗಿಡ. ಆಮೇಲೆ ಚರ್ಚಿನ ಪುಟ. ಹೆಂಡತಿಯ ಹೆಸರಿನ ಮೇಲೆ ಆಕೆಯ ಬೆರಳು ನಿಂತಿತು.

ಎದ್ದು ಹಜಾರಕ್ಕೆ ಹೋಗಿ ಕಂಬಳಿ ಬಿಚ್ಚಿ ಕಲ್ಲನ್ನು ನೋಡಿದಳು. ಮನ್ರೋ ಎಂದು ಕೆತ್ತಿದ್ದಾಗಿದೆ, ಏನು ಮಾಡುವುದು ಎಂದು ನಾನೇ ಕಂಗಾಲಾಗಿದ್ದೆ. ಕಲ್ಲುಕುಟಿಗನನ್ನು ಕರೆಸಬಹುದು, ನಾಲ್ಕು ದಿನದಲ್ಲಿ ಒರೆಸಿ ಕೆತ್ತಬಹುದು ಎಂದೇನೋ ತೊದಲಿದೆ.

"ಬ್ಯಾಡ," ಎಂದಳು. "ಮನಿಗೆ ಮೊದಲನೇ ಪತ್ರ ಬರದಾಗ ಅವಾ ಮನ್ರೋದವನs ಇದ್ದ. ಅದೂ ಖರೆ. ಇರ್ಲಿ." ಕಂಬಳಿ ಸುತ್ತಿದಳು. "ಯಾವನೋ ಅಪರಿಚಿತನ ತಲಿ ಮ್ಯಾಲೆ ಇದನ್ನ ಇಟ್ಟು ಅತ್ತು ಬರತಿದ್ದೆ ನಾ. ಅದು ಗೊತ್ತಿದ್ದೂ ಕಳಸತಿದ್ದರು, ಹೌದಿಲ್ಲೋ?"

ಹೌದು ಎಂದೆ. ಆಕೆ ಬೈದ ಬೈಗುಳ ಫಾಲ್ಟ್ಸ್‌ನದು. ಅದಕ್ಕೆ ನಮ್ಮ ಕಡೆ ಸರಿಯಾದ ಮಾತುಂಟು, ಬರೆಯಲಾರೆ.

ಆಕೆ ಅಂದೇ ಬಾಸ್‌ಗೆ ಫೋನ್ ಮಾಡಿ ತರಾಟೆಗೆ ತೆಗೆದುಕೊಂಡಳು. ಮರುದಿನ ನಾನು ಆಫೀಸಿಗೆ ಹೋದಾಗ ಮೇಜಿನ ಮೇಲೆ ಲಕೋಟೆ ಕಾದಿತ್ತು. ಗೌಪ್ಯತೆಯ ಕಲಮು ಮುರಿದದ್ದಕ್ಕೆ ಕೆಲಸದಿಂದ ವಜಾ. ಹಾಳೆ ಹೇಗೆ ಸಿಕ್ಕಿತು ಎಂದು ಕೇಳಿದ. ಖಾನೆಯ ಬೀಗ ತೆಗೆದೆ ಎಂದೆ. ಯಾವುದರಿಂದ ಎಂದ. ಹೇರ್‌ಪಿನ್ನಿನಿಂದ ಎಂದೆ. ಕಾನ್ವೆಂಟಿನ ಹುಡುಗಿ ಬಾಳಿನಲ್ಲಿ ಹೇಳಿದ ಅತ್ಯಂತ ನೇರವಾದ ಸುಳ್ಳು ಅದು. ಅದಕ್ಕಾಗಿ ಕ್ಷಮೆ ಕೇಳಿಲ್ಲ, ಕೇಳುವುದೂ ಇಲ್ಲ. ಹುಡುಗಿ ಆಚೆ ಮೇಜಿನಲ್ಲಿ ಟೈಪ್ ಮಾಡುತ್ತಲೇ ಇದ್ದಳು. ನಾನು ಬಾಗಿಲು ದಾಟುವಾಗ ಒಮ್ಮೆ ಮಾತ್ರ ಕೀಬೋರ್ಡಿನ ಸದ್ದು ನಿಂತಿತು.

ತಿಂಗಳಾದ ಮೇಲೆ ಅಂಚೆಯಲ್ಲಿ ಒಂದು ಫೋಟೋ ಬಂತು. ಓರೆಯಾದ ಬೂದು ಕಲ್ಲು, ಅದರ ಬುಡದಲ್ಲಿ ಕೆಂಪು ಕಲ್ಲು, ಪಕ್ಕದಲ್ಲಿ ಮೊಣಕಾಲೂರಿದ ಮುದುಕಿ, ಆಕೆಯ ತೋಳು ಹಿಡಿದ ಒಬ್ಬ ದಪ್ಪನೆಯ ಹೆಂಗಸು. ಸ್ಮಶಾನಕ್ಕೆ ಹೋಗಿ ನೋಡಿ ಬಂದವಳು ಅವಳೇ ಇರಬೇಕು. ಹಿಂದುಗಡೆ ಏನೂ ಬರೆದಿರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ತಣ್ಣಗಾಗುತ್ತಿದ್ದೆ. ಮರುವರ್ಷ ಪುಸ್ತಕ ಬಂತು. ನಗರದ ಗ್ರಂಥಾಲಯದಲ್ಲಿ ತೆಗೆದು ನೋಡಿದೆ. ವಾಕ್ಯಗಳೆಲ್ಲ ನನ್ನವು, ಹೆಸರು ಆತನದು. ಅದಾದರೂ ಹೋಗಲಿ. ನನ್ನ ಕೋಷ್ಟಕ ಇರಬೇಕಾದ ನಾಲ್ಕು ಪುಟಗಳಲ್ಲಿ ಇವತ್ತಿನ ಗಡಿಗಳ ಬಣ್ಣದ ನಕಾಶೆ. ಮನ್ರೋ ಕೌಂಟಿಯ ಕೆಳಗೆ ಎಲ್ಲ ಹಳೆಯ ದಾಖಲೆ ಇಲ್ಲಿ ಲಭ್ಯ ಎಂಬ ಒಂದು ಸಾಲು. ನೋಬಲ್‌ನ ಕೆಳಗೆ ತಾಯಿಯ ಹೆಸರೇ ಇಲ್ಲ. ಗೊತ್ತಿತ್ತು ಆತನಿಗೆ. ಆ ಫ್ಯಾಕ್ಸನ್ನು ಓದಿದ್ದ. ಗೊತ್ತಿದ್ದೂ ಅಚ್ಚು ಹಾಕಿಸಿದ. ಇನ್ನೆಷ್ಟು ಜನ ಆ ಪುಟ ಹಿಡಿದು ಯಾರದೋ ಸಮಾಧಿಯ ಮುಂದೆ ಅಳಲಿಕ್ಕಿದ್ದರು?

ಪುಸ್ತಕದಲ್ಲಿ ಗೀಚುವುದು ಪಾಪ ಎಂದು ಸಿಸ್ಟರ್ ಕಲಿಸಿದ್ದರು. ಅಂಗೈ ಮುಂದೆ ಮಾಡಿಸಿ ಸ್ಕೇಲಿನಿಂದ ಹೊಡೆದು ಕಲಿಸಿದ್ದರು. ತೀರಾ ಅನಿವಾರ್ಯವಾದರೆ ಪೆನ್ಸಿಲ್, ಅದೂ ತೆಳ್ಳಗೆ.

ಕಿಟಕಿಯ ಪಕ್ಕದ ಮೇಜಿಗೆ ಕೂತೆ. ಎಂಬತ್ತೆಂಟು ಕೌಂಟಿ, ಒಂದೊಂದರ ಪಕ್ಕ ಅದರ ತಾಯಿ ಕೌಂಟಿಯ ಹೆಸರು, ಹುಟ್ಟಿದ ವರ್ಷ, ಕಾಗದ ಉಳಿದ ಜಾಗ. ಮುಗಿಸಲು ಮೂರು ಮಧ್ಯಾಹ್ನ ಬೇಕಾದವು. ಇಂಕಿನಲ್ಲಿ ಬರೆದೆ.